ಎರಡನೇ ಡಿಕಾಕ್ಷನ್

ಕಾಫಿ ಮಾಡುವುದೇನು ಮಹಾ ವಿದ್ಯೆ ಎಂದು ನೀವು ಕೇಳಬಹುದು. ಇಪ್ಪತ್ತೆಂಟು ವರ್ಷ ನಾನೂ ಹಾಗೇ ಅಂದುಕೊಂಡಿದ್ದೆ. ಮದುವೆಯಾಗಿ, ಎರಡು ಮಕ್ಕಳನ್ನು ಹೆತ್ತು ಬೆಳೆಸಿ, ಮೈದುನಂದಿರ ಮದುವೆ, ನಾದಿನಿಯ ಬಾಣಂತನ ಎಲ್ಲ ಪೂರೈಸಿ, ಐವತ್ತು ಜನಕ್ಕೆ ಒಬ್ಬಳೇ ಹುಳಿ ಕೂಡಿಸಬಲ್ಲೆ ಎಂಬ ಜಂಬವನ್ನೂ ಸಂಪಾದಿಸಿಕೊಂಡ ಮೇಲೆ, ಒಂದು ದಿನ ಬೆಳಿಗ್ಗೆ ಐದೂವರೆಗೆ ಒಲೆಯ ಮುಂದೆ ನಿಂತಾಗ ತಿಳಿಯಿತು, ನನಗೆ ಕಾಫಿ ಮಾಡಲು ಬರುವುದಿಲ್ಲ!

ನಗಬೇಡಿ. ಜಯನಗರದ ನಮ್ಮ ಮನೆಯಲ್ಲಿ ಫಿಲ್ಟರು ಅತ್ತೆಯವರದು. 1984ರಲ್ಲಿ ನಾನು ಸೊಸೆಯಾಗಿ ಆ ಮನೆಗೆ ಕಾಲಿಟ್ಟ ಆರು ತಿಂಗಳಲ್ಲೇ ಸಾರು, ಹುಳಿ, ಪಲ್ಯ, ಗೊಜ್ಜು ಎಲ್ಲ ಒಂದೊಂದಾಗಿ ನನ್ನ ಪಾಲಿಗೆ ಬಂದವು. ಹಬ್ಬದ ಹೋಳಿಗೆಯ ಕಣಕವೂ ಬಂತು. ಕಾಫಿ ಮಾತ್ರ ಬರಲಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. ನಾನು ಎದ್ದು ಮುಖ ತೊಳೆದು ಬರುವ ಹೊತ್ತಿಗೆ ಡಿಕಾಕ್ಷನ್ ಇಳಿದಿರುತ್ತಿತ್ತು, ಅಷ್ಟೆ. ಒಂದು ಸಲ ಅವರಿಗಿಂತ ಮುಂಚೆ ಎದ್ದು ನೀರಿಟ್ಟಿದ್ದೆ. ಅವರು ಬಂದವರು ಏನೂ ಮಾತಾಡಲಿಲ್ಲ. ಆ ನೀರನ್ನು ತೆಗೆದು ಬಿಸಿನೀರಿನ ಹಂಡೆಗೆ ಸುರಿದು, ಹೊಸ ನೀರಿಟ್ಟರು. ಆಮೇಲೆ ನಾನು ಆ ಸಾಹಸಕ್ಕೆ ಹೋಗಲಿಲ್ಲ.

ಅವರ ಶಾಸ್ತ್ರವಾದರೂ ಸಾಮಾನ್ಯದ್ದಲ್ಲ. ಪುಡಿಯನ್ನು ಡಬ್ಬದಲ್ಲಿ ತರುವ ಹಾಗಿಲ್ಲ. ಬೀಜವನ್ನು ಕಣ್ಣೆದುರಿಗೇ ಹುರಿಸಿ, ಬೀಸಿಸಿಕೊಂಡು, ಪೊಟ್ಟಣ ಇನ್ನೂ ಬೆಚ್ಚಗಿರುವಾಗಲೇ ಮನೆ ಸೇರಬೇಕು. ಮುಕ್ಕಾಲು ಪಾಲು ಪೀಬೆರಿ, ಕಾಲು ಪಾಲು ಪ್ಲಾಂಟೇಷನ್ ಎ, ಚಿಕೋರಿ ನೂರಕ್ಕೆ ಹತ್ತು. ಕಾಫಿಯ ಹಣ್ಣಿನಲ್ಲಿ ಸಾಧಾರಣವಾಗಿ ಚಪ್ಪಟೆಯ ಎರಡು ಬೀಜಗಳಿರುತ್ತವೆ. ಎಲ್ಲೋ ಕೆಲವು ಹಣ್ಣಿನಲ್ಲಿ ಒಂದೇ ದುಂಡನೆಯ ಬೀಜ. ಅದೇ ಪೀಬೆರಿ. 'ಒಂಟಿ ಮಗ ಇದ್ದ ಹಾಗೆ, ಎಲ್ಲ ಸತ್ವ ಅದಕ್ಕೇ' ಎನ್ನುತ್ತಿದ್ದರು ಅತ್ತೆ, ಮೂವರು ಗಂಡುಮಕ್ಕಳನ್ನು ಸಾಕಿದವರು. ಫಿಲ್ಟರಿನ ಮೇಲಿನ ಪಾತ್ರೆಗೆ ಪುಡಿ ಹಾಕಿ, ಮೆತ್ತಗೆ ಒತ್ತಿ, ಮೇಲೆ ಆ ಪುಟ್ಟ ಕೊಡೆಯಿಟ್ಟು, ನೀರು ಮರಳಿದ ಮೇಲೆ ಒಲೆಯಾರಿಸಿ ಒಂದು ಪುಟ್ಟ ಶ್ಲೋಕ ಹೇಳಿಕೊಂಡು ಆಮೇಲೆ ಸುರಿಯುತ್ತಿದ್ದರು. ಶ್ಲೋಕ ದೇವರಿಗೆ ಎಂದು ನಾನು ತಿಳಿದಿದ್ದೆ. ಅದು ಕಾಫಿಗೆ ಎಂದು ಎಷ್ಟೋ ವರ್ಷದ ಮೇಲೆ ಗೊತ್ತಾಯಿತು. ಫಿಲ್ಟರನ್ನು ಪುಡಿ ಹಾಕಿ ತಿಕ್ಕಬಾರದು, ಬರೀ ಬಿಸಿನೀರು. ತೂತುಗಳು ಕಟ್ಟಿಕೊಂಡರೆ ಬೆಂಕಿಯ ಮೇಲೆ ಒಂದು ಗಳಿಗೆ ಹಿಡಿದು ತಟ್ಟಬೇಕು.

ಮೊದಲ ಸಲ ಇಳಿದದ್ದು ಮೊದಲನೇ ಡಿಕಾಕ್ಷನ್. ಅದೇ ಚರಟದ ಮೇಲೆ ಮತ್ತೊಮ್ಮೆ ನೀರು ಸುರಿದರೆ ಇಳಿಯುವುದು ಎರಡನೇದು. ಮೊದಲನೇದು ಮಾವನವರಿಗೆ, ಗಂಡುಮಕ್ಕಳಿಗೆ, ಬಂದ ನೆಂಟರಿಗೆ. ಎರಡನೇದು ಮಿಕ್ಕವರಿಗೆ. ಮಿಕ್ಕವರು ಯಾರು ಎಂದು ನನ್ನ ಓದುಗ ಗೆಳತಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನೆಂಟರು ಲೋಟ ಕೆಳಗಿಟ್ಟು, 'ನಿಮ್ಮನೆ ಕಾಫಿ ಅಂದ್ರೆ ಕಾಫಿ!' ಎಂದು ಹೊಗಳುವಾಗ ನಾನು ಬಾಗಿಲ ಹಿಂದೆ ನಿಂತು, ಇವರು ಬಾಯುಪಚಾರಕ್ಕೆ ಅನ್ನುತ್ತಿದ್ದಾರೋ ನಿಜಕ್ಕೂ ಅನ್ನುತ್ತಿದ್ದಾರೋ ಎಂದು ಯೋಚಿಸುತ್ತಿದ್ದೆ. ನನ್ನ ಲೋಟದಲ್ಲಿದ್ದದ್ದು ಬಣ್ಣ ಹೋದ ರೇಷ್ಮೆ ಸೀರೆಯಂಥ ಕಾಫಿ. ಅತ್ತೆ ಮಾತ್ರ ಒಳಗೆ ಮೂಲೆಯಲ್ಲಿ ಕುಳಿತು, ಬಟ್ಟಲಿಗೆ ಬಗ್ಗಿಸಿ, ಎತ್ತಿ, ಕಣ್ಣುಮುಚ್ಚಿ ಕುಡಿಯುತ್ತಿದ್ದರು. ಅವರು ಮೊದಲನೇದನ್ನೇ ಕುಡಿಯುತ್ತಾರೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಫಿಲ್ಟರು ಯಾರ ಕೈಯಲ್ಲಿದೆಯೋ ಅವರ ಲೋಟದಲ್ಲಿ ನೀರು ಯಾಕಿರುತ್ತದೆ? ಅಡುಗೆ ಮಾಡಿದವಳಿಗಿಂತ ಬಡಿಸುವವಳೇ ಮೇಲು ಎಂದು ಗಾದೆಯೇ ಇದೆಯಲ್ಲ! ಹೊಟ್ಟೆಯೊಳಗೆ ಒಂದು ಸಣ್ಣ ಕಿಚ್ಚು. ಇಪ್ಪತ್ತೆಂಟು ವರ್ಷ ಅದನ್ನು ಆರದ ಹಾಗೆ ನೋಡಿಕೊಂಡೆ.

2012ರಲ್ಲಿ ಆ ಮನೆ ಮಾರಾಟವಾಯಿತು. ಮಾವನವರು ಹೋಗಿ ಹನ್ನೆರಡು ವರ್ಷವಾಗಿತ್ತು. ಮೂವರು ಅಣ್ಣತಮ್ಮಂದಿರಿಗೂ ಅವರವರ ಖರ್ಚು, ಅವರವರ ಮಕ್ಕಳ ಓದು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದಾಗ ಊರಾಚೆ ಎನ್ನಿಸಿಕೊಂಡಿದ್ದ ಜಾಗ ಈಗ ಚಿನ್ನದ ಬೆಲೆಯದು. ಮಾವನವರು ಸಾಲ ಮಾಡಿ ಕಟ್ಟಿಸಿದ್ದ ಹೆಂಚಿನ ತಾರಸಿಯ ಮನೆ, ಹಿಂದೆ ಎರಡು ತೆಂಗಿನಮರ, ಮುಂದೆ ಸಂಪಿಗೆ. ಯಾರು ಮೊದಲು 'ಮಾರೋಣ' ಎಂದದ್ದು ಎಂದು ಈಗ ಎಲ್ಲರೂ ಮರೆತಿದ್ದಾರೆ. ನಾನು ಮರೆತಿಲ್ಲ. ಒಂದು ರಾತ್ರಿ ಊಟವಾದ ಮೇಲೆ ನಮ್ಮ ಯಜಮಾನರ ಕಿವಿಯಲ್ಲಿ ಆ ಮಾತು ಹಾಕಿದವಳು ನಾನೇ. ಅತ್ತೆಯವರ ಮುಂದೆ ಕಾಗದ ಇಟ್ಟಾಗ ಕನ್ನಡಕ ಹಾಕಿಕೊಂಡು, ಓದದೆ, ರುಜು ಮಾಡಿ, ಪೆನ್ನಿನ ಕ್ಯಾಪು ಮುಚ್ಚಿ ಕೊಟ್ಟರು.

ನಮ್ಮ ಪಾಲಿನ ಹಣದಲ್ಲಿ ಬಿಟಿಎಂ ಲೇಔಟಿನಲ್ಲಿ ಒಂದು ಫ್ಲ್ಯಾಟು. ಬೈರಸಂದ್ರ, ತಾವರೆಕೆರೆ, ಮಡಿವಾಳ ಮೂರೂ ಸೇರಿ ಬಿಟಿಎಂ ಆಯಿತು ಎಂದು ಕೇಳಿ ಅತ್ತೆ, 'ಮೂರು ಊರು ಸೇರಿಸಿದ್ರೂ ಇಷ್ಟೇ ಜಾಗ ಬಂತೇ?' ಎಂದರು. ಆ ಮನೆಯಲ್ಲಿ ಅವರು ಆಡಿದ ಮೊದಲ ಹಾಸ್ಯ. ಆಮೇಲೆ ಬಹಳ ದಿನ ಇನ್ನೊಂದು ಬರಲಿಲ್ಲ. ಅವರಂದದ್ದರಲ್ಲಿ ತಪ್ಪೇನಿರಲಿಲ್ಲ. ಜಯನಗರದ ಅಡುಗೆಮನೆಯಲ್ಲಿ ನಾಲ್ಕು ಜನ ಹೆಂಗಸರು ನೆಲದ ಮೇಲೆ ಕಾಲು ನೀಡಿ ಕುಳಿತು ಹಪ್ಪಳ ಒತ್ತಬಹುದಿತ್ತು. ಇಲ್ಲಿನದು ಅಗಲ ಐದಡಿ, ಉದ್ದ ಏಳಡಿ. ಅದರಲ್ಲಿ ಕಟ್ಟೆ ಎರಡಡಿ ನುಂಗಿದರೆ ಮಿಕ್ಕಿದ್ದು ಒಬ್ಬಳು ಹೆಂಗಸು ತಿರುಗುವಷ್ಟು ಜಾಗ. ಇಬ್ಬರು ನಿಂತರೆ ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ.

ಸಾಮಾನು ಜೋಡಿಸಿದ ದಿನ ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದರು. ನಾನು ಒಳಗಿದ್ದೆ. ಒಂದು ನಿಮಿಷ ನಿಂತು ನೋಡಿ, ಹಿಂದಕ್ಕೆ ಹೋಗಿ ಹಾಲಿನ ಕುರ್ಚಿಯ ಮೇಲೆ ಕುಳಿತರು. ಅಷ್ಟೇ. ಅಧಿಕಾರ ಹಸ್ತಾಂತರವಾಗಿ ಹೋಯಿತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ. ನನಗೆ ಆ ಗಳಿಗೆಯಲ್ಲಿ ಸಂತೋಷವಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೆ ಆಗಿದ್ದು ನಿಜ.

ಮಾರನೆಯ ಬೆಳಿಗ್ಗೆ ಐದೂವರೆಗೆ ಫಿಲ್ಟರು ನನ್ನದಾಯಿತು. ಅತ್ತೆ ಮಾಡುತ್ತಿದ್ದ ಹಾಗೇ ಮಾಡಿದೆ. ಅಂದರೆ ಹಾಗೆಂದು ಭಾವಿಸಿ ಮಾಡಿದೆ. ಡಿಕಾಕ್ಷನ್ ಇಳಿಯಲು ಒಂದು ಗಂಟೆ ಹಿಡಿಯಿತು. ಮಾರನೆಯ ದಿನ ಐದು ನಿಮಿಷದಲ್ಲಿ ದಡದಡ ಇಳಿದುಹೋಯಿತು. ನಮ್ಮ ಯಜಮಾನರು ಒಂದು ಗುಟುಕು ಕುಡಿದು, ಲೋಟ ನೋಡಿ, ನನ್ನ ಮುಖ ನೋಡಿ, ಜಾಣತನದಿಂದ ಪತ್ರಿಕೆ ಬಿಡಿಸಿದರು. ನಾನು ಧರ್ಮವಾಗಿ ಮೊದಲನೇ ಡಿಕಾಕ್ಷನ್ನನ್ನು ಅವರಿಗೂ ಅತ್ತೆಗೂ ಹಾಕಿ, ಎರಡನೇದನ್ನು ನಾನು ಕುಡಿದೆ. ಅಭ್ಯಾಸ ನೋಡಿ, ಬದಲಾಯಿಸಬೇಕು ಎಂದು ಹೊಳೆಯಲೂ ಇಲ್ಲ.

ಅತ್ತೆ ಏನೂ ಅನ್ನಲಿಲ್ಲ. ಅದೇ ನನಗೆ ಭಯ. ಆ ಮನೆಯಲ್ಲಿ ಸಾರಿಗೆ ಒಂದು ಹರಳು ಉಪ್ಪು ಹೆಚ್ಚಾದರೆ 'ಸಮುದ್ರಸ್ನಾನ ಆಯ್ತು' ಎನ್ನುತ್ತಿದ್ದವರು ಇಲ್ಲಿ ಬಾಯಿ ಹೊಲಿದುಕೊಂಡಂತೆ ಕುಳಿತಿರುತ್ತಿದ್ದರು. 'ಇದೇನು ಕಲಗಚ್ಚೇ?' ಎಂದು ಬೈದಿದ್ದರೆ ನೆಮ್ಮದಿಯಾಗುತ್ತಿತ್ತು. ಬೈಯಲಿಲ್ಲ. ಲೋಟದಿಂದ ಬಟ್ಟಲಿಗೆ ಅರ್ಧ ಬಗ್ಗಿಸಿಕೊಂಡು, ಎತ್ತಿ ಕುಡಿದು, ಮಿಕ್ಕ ಅರ್ಧ ಲೋಟವನ್ನು ಹಾಗೇ ಮೇಜಿನ ಮೇಲೆ ಇಟ್ಟುಬಿಡುತ್ತಿದ್ದರು. ದಿನಾ ಅರ್ಧ. ನಾನು ದಿನಾ ಅದನ್ನು ತಂದು ಸಿಂಕಿಗೆ ಸುರಿಯುತ್ತಿದ್ದೆ. ಸುರಿಯುವಾಗ ಕೈ ನಡುಗುತ್ತಿತ್ತು. ಊಟವೂ ಕಡಿಮೆಯಾಯಿತು. ರವಿಕೆಯ ತೋಳು ಸಡಿಲವಾಯಿತು. ಡಾಕ್ಟರು ನೋಡಿ, ಬಿಪಿ ಸರಿಯಾಗಿದೆ, ಸಕ್ಕರೆಯಿಲ್ಲ, ವಯಸ್ಸು ಎಂಬತ್ತೊಂದು, ಏನೂ ಇಲ್ಲ ಎಂದರು. ಏನೂ ಇಲ್ಲದಿರುವುದಕ್ಕೆ ಔಷಧಿಯೂ ಇಲ್ಲ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನೂ ಒಂದೊಂದಾಗಿ ನೆಲವನ್ನೇ ದೂರುತ್ತ ಹೊರಟೆ. ಮೊದಲು ಪುಡಿ. ಜಯನಗರ ನಾಲ್ಕನೇ ಬ್ಲಾಕಿಗೆ ಬಸ್ಸಿನಲ್ಲಿ ಹೋಗಿ, ಅದೇ ಲೆಕ್ಕದಲ್ಲಿ ಬೀಜ ಹುರಿಸಿ ಬೀಸಿಸಿಕೊಂಡು ಬಂದೆ. ಆಮೇಲೆ ಹಾಲು. ಕಾಯಿಸಿಟ್ಟ ಹಾಲನ್ನು ಮತ್ತೆ ಮತ್ತೆ ಕಾಯಿಸಿದರೆ ಕಾಫಿಗೆ ಬರುವುದಿಲ್ಲ, ಆಗತಾನೇ ಉಕ್ಕಿ ಬಂದದ್ದನ್ನೇ ಹಾಕಬೇಕು ಎಂದು ತಂಗಿ ಹೇಳಿದಳು. ಅದನ್ನೂ ಮಾಡಿದೆ. ಸ್ವಲ್ಪ ಸುಧಾರಿಸಿತು. ಆದರೂ ಬಾಯಲ್ಲಿ ಏನೋ ಸಪ್ಪೆ, ಸುಣ್ಣ ನೆಕ್ಕಿದ ಹಾಗೆ. ಆ ಮಾತು ಬಾಯಿಗೆ ಬಂದ ದಿನವೇ ನೀರು ಕಾಯಿಸುವ ಪಾತ್ರೆಯ ತಳ ನೋಡಿದೆ. ಬೆಳ್ಳಗೆ ಹೆಕ್ಕಳಿಕೆ ಕಟ್ಟಿತ್ತು.

ಜಯನಗರದ ನಮ್ಮ ನಲ್ಲಿಯಲ್ಲಿ ಬರುತ್ತಿದ್ದದ್ದು ಕಾವೇರಿ. 1974ರಲ್ಲಿ ಕಾವೇರಿಯ ಮೊದಲ ಹಂತದ ನೀರು ಬೆಂಗಳೂರಿಗೆ ಬಂತು. ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರು ದೂರ, ಸುಮಾರು ಐನೂರು ಮೀಟರು ಎತ್ತರಕ್ಕೆ ಪಂಪು ಮಾಡಿ ತಂದ ನೀರು. ಅಷ್ಟು ಶ್ರಮ ಪಟ್ಟು ಹತ್ತಿ ಬಂದ ಆ ತಾಯಿಯನ್ನು ನಾವು ನಲ್ಲಿ ತಿರುಗಿಸಿ ಬಳಸುತ್ತಿದ್ದೆವು, ಬೆಲೆ ಗೊತ್ತಿರಲಿಲ್ಲ. ಈ ಫ್ಲ್ಯಾಟಿನ ತೊಟ್ಟಿಗೆ ಬೀಳುತ್ತಿದ್ದದ್ದು ಬಹುಪಾಲು ಕೊಳವೆಬಾವಿಯ ಗಡಸು ನೀರು, ಸಾಲದಾದಾಗ ಟ್ಯಾಂಕರು. ಗಡಸು ನೀರಿನಲ್ಲಿರುವ ಸುಣ್ಣದಂಶ ಕಾಫಿಯ ಹುಳಿಯನ್ನು, ಅಂದರೆ ಅದರ ಜೀವವನ್ನೇ, ಅಡಗಿಸಿಬಿಡುತ್ತದೆ. ಬೇಳೆ ಬೇಯದಿದ್ದಾಗ ನೀರನ್ನು ಬೈಯುವ ನಾವು ಕಾಫಿ ಕೆಟ್ಟಾಗ ಪುಡಿಯನ್ನು ಬೈಯುತ್ತೇವೆ. ಬನಶಂಕರಿಯ ತಂಗಿಯ ಮನೆಯಿಂದ ಎರಡು ದಿನಕ್ಕೊಮ್ಮೆ ಐದು ಲೀಟರಿನ ಕ್ಯಾನಿನಲ್ಲಿ ಕಾವೇರಿ ನೀರು ತರತೊಡಗಿದೆ. ಬಸ್ಸಿನಲ್ಲಿ ಪಕ್ಕದ ಹೆಂಗಸು, 'ತೀರ್ಥಯಾತ್ರೆಯಿಂದ ಬರ್ತಿದ್ದೀರಾ?' ಎಂದು ಕೇಳಿದಳು. ಹೌದು ಎಂದೆ.

ಕಾಫಿ ಕಾಫಿಯಂತಾಯಿತು. ಅತ್ತೆ ಆಗಲೂ ಅರ್ಧ ಲೋಟವೇ ಬಿಟ್ಟರು.

ಮಗ ಬಂದದ್ದು 2013ರ ಬೇಸಿಗೆಯಲ್ಲಿ. ಅವನು ಹಡಗಿನ ಎಂಜಿನಿಯರ್. ಆರು ತಿಂಗಳು ಸಮುದ್ರದ ಮೇಲೆ, ಎರಡು ತಿಂಗಳು ಮನೆ. ಹೊಸ ಫ್ಲ್ಯಾಟನ್ನು ಅವನು ನೋಡಿದ್ದೇ ಆಗ. ಅಡುಗೆಮನೆಗೆ ತಲೆ ಹಾಕಿ, 'ಅಮ್ಮ, ಇದು ಅಡುಗೆಮನೆ ಅಲ್ಲ, ಗ್ಯಾಲಿ!' ಎಂದ. ಹಡಗು, ದೋಣಿಗಳ ಅಡುಗೆಕೋಣೆಗೆ ಹಾಗೆನ್ನುತ್ತಾರಂತೆ. ಇಟಲಿಯ ಜಿನೋವಾ ಬಂದರಿನಲ್ಲಿ ಒಬ್ಬ ಮುದುಕನ ಪುಟ್ಟ ಹಾಯಿದೋಣಿಯೊಳಗೆ ಇವನು ಹೋಗಿದ್ದನಂತೆ. ನಮ್ಮ ಅಡುಗೆಮನೆಗಿಂತ ಚಿಕ್ಕದು. ಒಲೆ ಎರಡು ಗೂಟದ ಮೇಲೆ ತೊಟ್ಟಿಲಿನ ಹಾಗೆ ತೂಗುತ್ತಿರುತ್ತದೆ. ದೋಣಿ ಎಡಕ್ಕೆ ವಾಲಲಿ ಬಲಕ್ಕೆ ವಾಲಲಿ, ಒಲೆ ಮಾತ್ರ ನೆಟ್ಟಗೆ. ಪಾತ್ರೆ ಜಾರದಿರಲಿ ಎಂದು ಒಲೆಯ ಸುತ್ತ ಕಂಬಿ. ಲೋಟದ ಕೆಳಗೆ ಒದ್ದೆ ಬಟ್ಟೆ. ಪ್ರತಿ ಸಾಮಾನಿಗೂ ಒಂದು ಜಾಗ, ತೆಗೆದದ್ದನ್ನು ಆ ಕ್ಷಣವೇ ಅಲ್ಲೇ ಇಡಬೇಕು. ಯಾವ ಪಾತ್ರೆಯನ್ನೂ ಕಂಠಮಟ್ಟ ತುಂಬಬಾರದು. ಆ ಮುದುಕ ಅಲ್ಲಿ ನಿಂತುಕೊಂಡೇ ಮೂರು ಪುಟ್ಟ ಬಟ್ಟಲು ಕಾಫಿ ಮಾಡಿಕೊಟ್ಟನಂತೆ. 'ಅಜ್ಜಿಯ ಕಾಫಿ ಬಿಟ್ಟರೆ ಅದೇ' ಎಂದು ಹೇಳಿ, ಪೆಟ್ಟಿಗೆಯಿಂದ ಒಂದು ಎಂಟು ಮೂಲೆಯ ಅಲ್ಯೂಮಿನಿಯಂ ಕುಡಿಕೆ ತೆಗೆದ. ನಡುವಿನಲ್ಲಿ ಸಣ್ಣ, ಕೆಳಗೆ ಮೇಲೆ ಅಗಲ, ಲಂಗ ರವಿಕೆ ತೊಟ್ಟ ಹುಡುಗಿಯ ಹಾಗಿತ್ತು.

ಇದರ ಹೆಸರು ಮೋಕಾ. 1933ರಲ್ಲಿ ಇಟಲಿಯ ಬಿಯಾಲೆಟ್ಟಿ ಎಂಬುವರ ಕಾರ್ಖಾನೆಯಲ್ಲಿ ಹುಟ್ಟಿದ್ದು. ಮೋಕಾ ಎಂಬುದು ಯೆಮನ್ ದೇಶದ ಹಳೆಯ ಬಂದರಿನ ಹೆಸರು. ನಮ್ಮ ಬಾಬಾಬುಡನ್ ಅವರು ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರು ಎಂಬ ಪ್ರತೀತಿಯಿದೆಯಲ್ಲ, ಆ ಬೀಜಗಳೂ ಆ ಯೆಮನ್‌ನಿಂದಲೇ ಬಂದವು ಎನ್ನುತ್ತಾರೆ. ಅಲ್ಲಿಗೆ ಇದು ಪರದೇಶಿಯಲ್ಲ, ದೂರದ ನೆಂಟಳು. ಮಗ ಇದನ್ನು ಒಲೆಯ ಮೇಲಿನ ಎಸ್‌ಪ್ರೆಸೊ ಎಂದ. ಎಸ್‌ಪ್ರೆಸೊ ಎಂದರೆ ನನಗೆ ಗೊತ್ತಿದ್ದದ್ದು ನಮ್ಮ ಮದುವೆಮನೆಗಳದು. ಬುಸ್ ಎಂದು ಹಬೆ ಹೊಡೆಯುವ ಯಂತ್ರ, ಬಿಳಿ ನೊರೆ, ಮೇಲೆ ಚಿಟಿಕೆ ಚಾಕೊಲೇಟ್ ಪುಡಿ. ಅದು ಎಸ್‌ಪ್ರೆಸೊ ಅಲ್ಲವಂತೆ. ಹಾಗೆ ನೋಡಿದರೆ ಇದೂ ಪೂರ್ತಿ ಅಲ್ಲ. ಅಸಲಿ ಯಂತ್ರದಲ್ಲಿ ಒಂಬತ್ತು ಬಾರಿನಷ್ಟು ಒತ್ತಡ ಬೇಕು, ಈ ಕುಡಿಕೆಯಲ್ಲಿ ಎರಡೂ ಆಗುವುದಿಲ್ಲ. ಕೆಳಗಿನ ಅರೆಯಲ್ಲಿ ನೀರು, ನಡುವೆ ತೂತಿನ ಬಟ್ಟಲಲ್ಲಿ ಪುಡಿ, ಮೇಲೆ ಖಾಲಿ ಜಗ್ಗು. ನೀರು ಬಿಸಿಯಾದಾಗ ಹಬೆ ಅದನ್ನು ಒತ್ತುತ್ತದೆ. ನೀರು ಪುಡಿಯ ಮೂಲಕ ಮೇಲಕ್ಕೆ ಹತ್ತುತ್ತದೆ. ನಮ್ಮ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುತ್ತದೆ, ಇದರಲ್ಲಿ ಏರುತ್ತದೆ. ವ್ಯತ್ಯಾಸ ಅಷ್ಟೆ.

ಅಷ್ಟೆ ಎಂದದ್ದು ತಪ್ಪಾಯಿತು. ಮಗ ಮಲಗಿದ್ದಾಗ ನಾನೇ ಮಾಡಿ ಆಶ್ಚರ್ಯಪಡಿಸೋಣ ಎಂದು ಮಾರನೆಯ ಬೆಳಿಗ್ಗೆ ಹೊರಟೆ. ಮೊದಲಿಗೆ ಒಲೆಯ ಕಡ್ಡಿಗಳ ನಡುವೆ ಅದರ ಪುಟ್ಟ ತಳ ನಿಲ್ಲಲಿಲ್ಲ. ವಾಲಿ ಬಿತ್ತು. ಇಕ್ಕಳದಿಂದ ಹಿಡಿದು ನಿಂತೆ. ಚಿಕೋರಿ ಬೆರೆತ ನಮ್ಮ ಪುಡಿಯನ್ನೇ ಹಾಕಿ, ಫಿಲ್ಟರಿನ ಅಭ್ಯಾಸದಲ್ಲಿ ಬೆರಳಿನಿಂದ ಗಟ್ಟಿಯಾಗಿ ಒತ್ತಿದ್ದೆ. ಚಿಕೋರಿ ನೀರು ಕುಡಿದು ಅಂಟಾಯಿತು, ದಾರಿ ಕಟ್ಟಿತು. ಹಬೆ ಎಲ್ಲಿ ಹೋಗಬೇಕು? ನಡುವಿನ ತಿರುಪಿನಿಂದ, ಪಕ್ಕದ ಸೇಫ್ಟಿ ವಾಲ್ವಿನಿಂದ ಬುಸುಗುಟ್ಟಿ ಗೋಡೆಗೆಲ್ಲ ಕಂದು ರಂಗೋಲಿ. ಕುಕ್ಕರ್ ಕಂಡು ಬೆಳೆದವಳಾದ್ದರಿಂದ ಒಲೆಯಾರಿಸುವ ಬುದ್ಧಿ ಬಂತು.

ಎರಡನೆಯ ದಿನ ಚಿಕೋರಿಯಿಲ್ಲದ ಪುಡಿ. ಒತ್ತಲಿಲ್ಲ. ಒಲೆಯ ಮೇಲೆ ಒಂದು ತಂತಿಯ ಜಾಲರಿ ಇಟ್ಟೆ. ಬೇಗ ಆಗಲಿ ಎಂದು ಉರಿ ಜೋರು ಮಾಡಿ, ಅತ್ತ ಹಾಲು ಉಕ್ಕುತ್ತಿದೆಯೇ ಎಂದು ತಿರುಗಿದೆ. ಇತ್ತ ಗೊರಗೊರ ಸದ್ದು. ಸುಟ್ಟ ವಾಸನೆ ಮನೆಯೆಲ್ಲ ತುಂಬಿತು.

'ಏನೇ ಅದು ಸುಡ್ತಿರೋದು?'

ತಿರುಗಿ ನೋಡಿದರೆ ಅಡುಗೆಮನೆಯ ಬಾಗಿಲಲ್ಲಿ ಅತ್ತೆ! ಎಂಟು ತಿಂಗಳಲ್ಲಿ ಅವರು ಅಲ್ಲಿಗೆ ಬಂದದ್ದು ಅದು ಎರಡನೆಯ ಸಲ.

'ಕಾಫಿ, ಅತ್ತೆ' ಎಂದೆ, ಕಳ್ಳಿಯ ಹಾಗೆ.

'ಇದಕ್ಕೂ ಕಾಫಿ ಅಂತಾರೇನೇ? ತೆಗೆ, ಮೊದಲು ಒಲೆ ಆರಿಸು.' ಕಣ್ಣಿಗೆ ಪೊರೆ ಬಂದು ಒಂದು ಕಣ್ಣಿನ ಆಪರೇಷನ್ ಮಾತ್ರ ಆಗಿತ್ತು. ಕುಡಿಕೆಯನ್ನು ಕೈಯಲ್ಲಿ ಹಿಡಿದು, ಮುಚ್ಚಳ ಬಿಚ್ಚಿ, ಮೂಸಿ, ಒಳಗಿನ ಕೊಳವೆಗೆ ಬೆರಳಾಡಿಸಿ ನೋಡಿದರು. 'ಕೆಳಗಿಂದ ಮೇಲಕ್ಕೆ ಬರೋದೋ? ಸರಿ. ನೀರು ತಣ್ಣಗಿದ್ದಾಗಲೇ ಒಲೆ ಮೇಲೆ ಇಟ್ಟೆಯಾ? ನೀರು ಕಾಯೋ ಹೊತ್ತಿಗೆ ಪುಡಿ ಒಣಗಿ ಕಮಟುತ್ತೆ ಕಣೇ. ಬೇರೆ ಪಾತ್ರೇಲಿ ಕಾಯಿಸಿ ಹಾಕು.'

ಅವರು ಒಳಗೆ ಬರುವಂತಿರಲಿಲ್ಲ, ನಾನು ಹೊರಗೆ ಹೋಗುವಂತಿರಲಿಲ್ಲ. ಮಗ ಎದ್ದು ಬಂದವನು ಪರಿಸ್ಥಿತಿ ನೋಡಿ, ಸದ್ದಿಲ್ಲದೆ ಪೂಜೆಯ ಮೂಲೆಯಲ್ಲಿದ್ದ ಸ್ಟೂಲನ್ನು ತಂದು ಬಾಗಿಲಲ್ಲಿ ಹಾಕಿದ. ಅತ್ತೆ ಕುಳಿತರು. ಅಲ್ಲಿಂದ ಅಪ್ಪಣೆಗಳು ಬಂದವು, ನಾನು ನಡೆಸಿದೆ. ಕಾವೇರಿ ನೀರನ್ನು ಕುದಿಸಿ ಕೆಳಗಿನ ಅರೆಗೆ, ವಾಲ್ವಿನ ಕೆಳಗಿನವರೆಗೆ ಮಾತ್ರ. ಪುಡಿ ಬಟ್ಟಲು ತುಂಬ, ಚಮಚೆಯ ಬೆನ್ನಿನಿಂದ ಸಮ ಮಾಡಿದ್ದಷ್ಟೆ, ಒತ್ತಿದ್ದಿಲ್ಲ. ಕೆಳಭಾಗ ಬಿಸಿ, ಆದ್ದರಿಂದ ಮಸಿಬಟ್ಟೆಯಲ್ಲಿ ಹಿಡಿದು ಬಿಗಿಯಾಗಿ ತಿರುಗಿಸಿದೆ. ಸಣ್ಣ ಒಲೆ, ಸಣ್ಣ ಉರಿ, ಮುಚ್ಚಳ ತೆರೆದೇ. ಎರಡು ಮೂರು ನಿಮಿಷ ಏನೂ ಇಲ್ಲ. ಆಮೇಲೆ ಕೊಳವೆಯ ಬಾಯಿಂದ ಕಪ್ಪು ಜೇನಿನಂಥದು ಮೆಲ್ಲಗೆ ಉಕ್ಕತೊಡಗಿತು. ನಾನು ಅದನ್ನೇ ನೋಡುತ್ತಿದ್ದೆ. ಅತ್ತೆಗೆ ಕಾಣುತ್ತಿರಲಿಲ್ಲ. ಅವರು ತಲೆ ಓರೆ ಮಾಡಿ ಕೇಳಿಸಿಕೊಳ್ಳುತ್ತಿದ್ದರು.

'ಸದ್ದು ಬದಲಾಯ್ತು. ಇಳಿಸು.'

ನನ್ನ ಕಿವಿಗೆ ಏನೂ ಬದಲಾಗಿರಲಿಲ್ಲ. ಆದರೂ ಇಳಿಸಿ, ತಳವನ್ನು ಒದ್ದೆ ಬಟ್ಟೆಯ ಮೇಲಿಟ್ಟೆ. ಗೊರಗೊರ ಶುರುವಾಗುವುದಕ್ಕೆ ಒಂದು ಗಳಿಗೆ ಮೊದಲು! ಆ ಗೊರಗೊರ ಶುರುವಾದ ಮೇಲೆ ಬರುವುದು ಬರೀ ಕಹಿ, ಹಬೆಯೇ ಪುಡಿಯನ್ನು ಸುಡುತ್ತಿರುತ್ತದೆ ಎಂದು ಮಗ ವಿವರಿಸಿದ. ಶ್ಲೋಕದ ಗುಟ್ಟೂ ಆಗಲೇ ಹೊರಬಿತ್ತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರ. ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಒಲೆಯಾರಿಸಿ ಒಂದು ಶ್ಲೋಕದಷ್ಟು ಹೊತ್ತು ಬಿಟ್ಟರೆ ಕಾಫಿಪುಡಿಗೆ ಹಿತವಾದ ಬಿಸಿಗೆ ಬರುತ್ತದೆ. ಅತ್ತೆ ಅದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಜಗ್ಗಿನಲ್ಲಿದ್ದದ್ದು ಮುಕ್ಕಾಲು ಲೋಟದಷ್ಟು ಡಿಕಾಕ್ಷನ್. ಹಾಲು ಉಕ್ಕಿತ್ತು. ಅತ್ತೆಗೆ ಬೆರೆಸಿ ಕೈಗೆ ಕೊಟ್ಟೆ. ಅವರು ಕುಡಿಯಲಿಲ್ಲ.

'ಎರಡನೇದಕ್ಕೆ ನೀರು ಹಾಕಿದೆಯಾ?'

'ಇದರಲ್ಲಿ ಎರಡನೇದು ಇಲ್ಲ ಅತ್ತೆ. ಒಂದೇ ಸಲ.'

'ಹಾಗಾದ್ರೆ ನಿನಗೆ?'

ಆ ಪ್ರಶ್ನೆಗೆ ನಾನು ಸಿದ್ಧಳಾಗಿರಲಿಲ್ಲ. 'ಇದರಲ್ಲೇ ಎಲ್ಲರಿಗೂ' ಎಂದೆ.

ಅತ್ತೆ ಲೋಟವನ್ನು ಮೂಗಿನ ಹತ್ತಿರ ಹಿಡಿದುಕೊಂಡು ಸುಮ್ಮನೆ ಕುಳಿತರು. ಆಮೇಲೆ ನಕ್ಕರು. 'ಹದಿನೇಳನೇ ವರ್ಷಕ್ಕೆ ಮದುವೆ ಆಗಿ ಬಂದೆ. ಅವತ್ತಿಂದ ಎರಡನೇದೇ ಕಣೇ. ನಮ್ಮತ್ತೇನೂ ಅದನ್ನೇ ಕುಡಿದರು. ಇಲ್ಲಿಗೆ ಬಂದ ಮೇಲೆ ನೀನು ಮೊದಲನೇದು ಕೊಡೋಕೆ ಶುರು ಮಾಡಿದೆ. ನೀನು ಮಾತ್ರ ಆ ನೀರನ್ನೇ ಕುಡೀತಿದ್ದೆ.'

'ಅಂದ್ರೆ... ನೀವೂ ಅಲ್ಲಿ...'

'ಮತ್ತೆ? ಫಿಲ್ಟರಲ್ಲಿ ಇಳಿಯೋದೇ ಅಷ್ಟು. ಆರು ಜನ ಗಂಡಸರಿಗೆ ಹಾಕಿದ ಮೇಲೆ ಏನು ಮಿಗುತ್ತೆ?' ಎಂದು, ಬಟ್ಟಲಿಗೆ ಅರ್ಧ ಬಗ್ಗಿಸುತ್ತ, 'ಅದಕ್ಕೇ ತಾನೇ ದಿನಾ ಅರ್ಧ ಎತ್ತಿಡ್ತಿದ್ದೆ. ಎಂಜಲು ಮಾಡದ ಹಾಗೆ ಬಗ್ಗಿಸಿಕೊಂಡು. ನೀನು ಕುಡಿದೆಯೋ ಇಲ್ಲವೋ ನಾನು ಕೇಳಲಿಲ್ಲ' ಎಂದರು.

ಎಂಟು ತಿಂಗಳು. ದಿನಕ್ಕೆ ಎರಡು ಹೊತ್ತು. ನಾನು ಸಿಂಕಿನ ಕಡೆ ನೋಡಿದೆ. ಕುಡಿಯಲಿಲ್ಲ ಅತ್ತೆ, ಸುರಿದುಬಿಟ್ಟೆ ಎಂದು ಹೇಳಲು ಬಾಯಿ ಬರಲಿಲ್ಲ. 'ಕುಡಿದೆ' ಎಂದು ಸುಳ್ಳು ಹೇಳಲೂ ಬಾಯಿ ಬರಲಿಲ್ಲ. ಹಾಗಾಗಿ, 'ಚೆನ್ನಾಗಿರಲಿಲ್ಲ ಅಂತ ಬಿಡ್ತಿದ್ದೀರಿ ಅಂದುಕೊಂಡೆ' ಎಂದೆ.

'ಚೆನ್ನಾಗಿರಲಿಲ್ಲ ಅನ್ನೋದು ಬೇರೆ ಮಾತು' ಎಂದರು ಅತ್ತೆ.

ಆವತ್ತು ಮಿಕ್ಕ ಅರ್ಧ ಲೋಟವನ್ನು ನಾನು ಕಟ್ಟೆಗೊರಗಿ ನಿಂತು ಕುಡಿದೆ. ನಮ್ಮ ಬೆಂಗಳೂರಿನ ಹೋಟೆಲುಗಳಲ್ಲಿ ಬೈಟೂ ಎನ್ನುತ್ತಾರಲ್ಲ, ಹಾಗೆ. ಬಾಗಿಲ ಹಿಂದೆ ನಿಂತು ಕೇಳಿದ ನೆಂಟರ ಹೊಗಳಿಕೆ ಬಾಯುಪಚಾರವಲ್ಲ ಎಂದು ಇಪ್ಪತ್ತೊಂಬತ್ತನೇ ವರ್ಷಕ್ಕೆ ತಿಳಿಯಿತು. ಗಂಟಲಲ್ಲಿ ಕಾಫಿ ಇಳಿಯುತ್ತಿದ್ದರೆ, ಹೊಟ್ಟೆಯೊಳಗೆ ಅಷ್ಟು ವರ್ಷ ಜತನದಿಂದ ಕಾಯ್ದಿಟ್ಟಿದ್ದ ಕಿಚ್ಚನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ.

ಅಂದಿನಿಂದ ಎಲ್ಲ ಸರಿಹೋಯಿತು ಎಂದು ಬರೆದರೆ ಕಥೆಯಾಗುತ್ತದೆ. ಸರಿಹೋಗಲಿಲ್ಲ. ಅತ್ತೆ ಜಯನಗರದ ಮನೆಯನ್ನು ಮರೆಯಲಿಲ್ಲ. ಒಂದು ದಿನ ಆ ರಸ್ತೆಯಲ್ಲಿ ಆಟೋದಲ್ಲಿ ಹೋಗುವಾಗ ತೆಂಗಿನಮರಗಳಿಲ್ಲದ್ದನ್ನು ನೋಡಿ ಸೆರಗು ಬಾಯಿಗೆ ಹಿಡಿದು ಕುಳಿತವರು ಎರಡು ದಿನ ಮಾತಾಡಲಿಲ್ಲ. ಮಾರುವ ಮಾತು ಮೊದಲು ಆಡಿದ್ದು ನಾನೇ ಎಂದು ಅವರಿಗೆ ನಾನು ಹೇಳಲೂ ಇಲ್ಲ. ಗೊತ್ತಿತ್ತೇನೋ. ಆದರೆ ಆ ಸ್ಟೂಲು ಬಾಗಿಲಲ್ಲೇ ಉಳಿಯಿತು. ತಳ್ಳಾಡಿಕೊಂಡು ಒಳಗೆ ಬರಬೇಕಾಗಿರಲಿಲ್ಲ, ಹಾಲಿನಲ್ಲಿ ನೆಂಟರ ಹಾಗೆ ಕುಳಿತಿರಬೇಕಾಗಿಯೂ ಇರಲಿಲ್ಲ. ಆ ಫ್ಲ್ಯಾಟಿನಲ್ಲಿ ಅವರಿಗೆ ನಿಲ್ಲಲು ಒಂದು ಜಾಗ ಸಿಕ್ಕಿತು. ಬೈಗುಳವೂ ವಾಪಸು ಬಂತು. 'ಇದೇನು ಸಾರೋ, ಹೊಳೆಯೋ?' ಎಂದ ದಿನ ನಾನು ತಂಗಿಗೆ ಫೋನು ಮಾಡಿ ಸಂಭ್ರಮದಿಂದ ಹೇಳಿದೆ.

ಫಿಲ್ಟರನ್ನೂ ಅವರು ಆ ಸ್ಟೂಲಿನ ಮೇಲಿಂದಲೇ ನನಗೆ ಕಲಿಸಿದರು. ಒತ್ತುವಾಗ ಎಷ್ಟು ಮೆತ್ತಗೆ ಎಂಬುದನ್ನು ನನ್ನ ಅಂಗೈ ಮೇಲೆ ಅವರ ಬೆರಳು ಒತ್ತಿ ತೋರಿಸಿದರು. ಮಾತಿನಲ್ಲಿ ಹೇಳಲು ಬರುವುದಿಲ್ಲ ಎಂದರು. ಬೆಳಿಗ್ಗೆ ಫಿಲ್ಟರು, ಸಂಜೆ ಮೋಕಾ ಎಂದು ಪದ್ಧತಿಯಾಯಿತು. ಬೆಳಿಗ್ಗೆಯೂ ಎರಡನೇ ಸಲ ಇಳಿದದ್ದನ್ನು ಮೊದಲನೇದಕ್ಕೇ ಬೆರೆಸಿ ಎಲ್ಲರಿಗೂ ಒಂದೇ ಮಾಡಿದೆವು. ನಮ್ಮ ಯಜಮಾನರು, 'ಯಾಕೋ ಕಾಫಿ ಸ್ವಲ್ಪ ತೆಳು' ಎಂದಾಗ ಅತ್ತೆ ಮಗನಿಗೆ, 'ಅಭ್ಯಾಸ ಮಾಡ್ಕೋ' ಎಂದರು.

ಅತ್ತೆ 2018ರಲ್ಲಿ ತೀರಿಕೊಂಡರು. ಮಗನಿಗೆ ಮದುವೆಯಾಗಿದೆ. ಸೊಸೆ ಕೆಲಸಕ್ಕೆ ಹೋಗುವ ಹುಡುಗಿ, ಬೆಳಿಗ್ಗೆ ಬೇಗ ಏಳುತ್ತಾಳೆ. ಮೊದಲ ವಾರ ನಾನು ಫಿಲ್ಟರು ಬಿಟ್ಟುಕೊಡಲಿಲ್ಲ ಎಂಬುದನ್ನೂ ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ. ಎಂಟನೆಯ ದಿನ ನಾನು ಎದ್ದು ಬರುವ ಹೊತ್ತಿಗೆ ಅವಳು ಒಳಗಿದ್ದಳು, ಒಲೆಯ ಮೇಲೆ ಮೋಕಾ. ಒಳಗೆ ಜಾಗವಿಲ್ಲ. ನಾನು ಬಾಗಿಲಲ್ಲಿ ಸ್ಟೂಲಿನ ಮೇಲೆ ಕುಳಿತೆ. ಕಿವಿ ಅತ್ತಲೇ ಇತ್ತು. ಸದ್ದು ಬದಲಾಯಿತು. ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಅವಳು ತಾನಾಗಿಯೇ ಇಳಿಸಿ, ಒದ್ದೆ ಬಟ್ಟೆಯ ಮೇಲಿಟ್ಟಳು.

ನಾನು ತೆರೆದ ಬಾಯಿಯನ್ನು ಹಾಗೇ ಆಕಳಿಕೆ ಮಾಡಿಕೊಂಡೆ. ಅವಳು ಎರಡು ಲೋಟ ತಂದು ಪಕ್ಕಪಕ್ಕ ಇಟ್ಟು, ಎರಡಕ್ಕೂ ಸಮನಾಗಿ ಬಗ್ಗಿಸಿದಳು.